ಭತ್ತದ ಮೂಟೆಯಲ್ಲಿ ಕಬ್ಬಿಣ

ನೋಡುವವರು ಹೆಚ್ಚಾದಷ್ಟೂ ನೋಡುವುದು ಕಡಿಮೆಯಾಗುತ್ತದೆ. ಬ್ರಹ್ಮಾವರದ ಕಡೆ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಈ ಜ್ಞಾನ ನನ್ನ ಕಿವಿಯ ಪಕ್ಕದಿಂದಲೇ ಹಾದುಹೋಯಿತು, ಅರ್ಧ ಮೊಳೆಯ ರೂಪದಲ್ಲಿ.

ಬೇಯಿಸಿ ಒಣಗಿಸಿದ ಭತ್ತ ಮಿಲ್ಲಿಗೆ ಹೊರಟಾಗ ದಾರಿಯಲ್ಲಿ ಪೀಡೆ ಸೋಕದಿರಲೆಂದು ಮೂಟೆಯೊಳಗೆ ಒಂದು ಕಬ್ಬಿಣದ ಚೂರು ಹಾಕುವುದು ಅಲ್ಲಿಯ ಹೆಂಗಸರ ಪದ್ಧತಿ. ಪೀಡೆ ಸೋಕುತ್ತಿರಲಿಲ್ಲ, ನಿಜ. ಆದರೆ ಆ ಚೂರನ್ನು ತೆಗೆಯಬೇಕಾದವರು ಯಾರೆಂದು ಯಾರೂ ನಿರ್ಧರಿಸಿರಲಿಲ್ಲ. ಗಾಡಿಯವನು ತೆಗೆದಾನೆಂದು ಮನೆಯವರು. ನಾನು ತೆಗೆದೇನೆಂದು ಗಾಡಿಯವನು. ನಾನೋ, ಮೇಲಿನದೊಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ, ಒಣಗಿದೆ ಎಂದು ತಲೆಯಾಡಿಸಿ ಒಳಗೆ ಕಳಿಸುತ್ತಿದ್ದೆ. ಇಷ್ಟು ಜನರನ್ನು ದಾಟಿ ಬಂದದ್ದರಲ್ಲಿ ಇನ್ನೇನಿದ್ದೀತು ಎಂದು ಯಂತ್ರ ನಡೆಸುವ ಶೀನ ಸುರಿಯುತ್ತಿದ್ದ. ಒಂದು ದಿನ ಹಾಗೆ ಸುರಿದಾಗ, ಯಂತ್ರಕ್ಕೆ ಸಿಕ್ಕಿ ಸಿಡಿದ ಮೊಳೆಯ ತುಂಡು ಅವನ ಹುಬ್ಬು ಸೀಳಿ, ನನ್ನನ್ನು ದಾಟಿ, ಹಿಂದಿನ ಕಂಬದಲ್ಲಿ ನಾಟಿತು. ನಾನು ಕುಳಿತುಬಿಟ್ಟೆ. ಕುರ್ಚಿ ಅಲ್ಲಿರಲಿಲ್ಲ.

ಬಾಗಿಲಲ್ಲಿ ಇನ್ನೊಬ್ಬನನ್ನು ನಿಲ್ಲಿಸೋಣ ಎಂದರು ಧಣಿಗಳು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದ ಶೀನ ಯಂತ್ರವನ್ನು ಮುಟ್ಟಲಿಲ್ಲ.

“ರೈಟ್ರೇ, ಬಾಗ್ಲಲ್ಲ್ ನಾಲ್ಕ್ ಜನ ನಿಂತ್ ಕಾಣ್ಲಿ. ಅಲ್ಲಿಂದ ಇಲ್ಲಿಗ್ ಬಪ್ಪುದ್ರೊಳ್ಗೆ ಮತ್ತೆಂತ ಬೀಳತ್ತೋ? ಹೋಪುದ್ ನನ್ ಕಣ್ಣ್.”

ಅಂದೇ ನಾನು ನಿಶ್ಚಯಿಸಿದೆ. ನೋಡುವುದಿದ್ದರೆ ಭತ್ತ ಯಂತ್ರದೊಳಗೆ ಬೀಳುವ ಜಾಗದಲ್ಲೇ ನೋಡಬೇಕು. ಅದರಾಚೆ ನೋಡಲು ಯಾರಿಗೂ ಅವಕಾಶವಿಲ್ಲ. ಭತ್ತ ಸುರಿಯುವ ತಗಡಿನ ಬಾಯಿಯ ಮೇಲೆ ಸರಿಗೆಯ ಜಾಲರಿ ಕೂರಿಸಿ, ಪಕ್ಕದಲ್ಲಿ ನಾನೇ ನಿಂತು ಹಿಡಿಹಿಡಿಯಾಗಿ ಇಳಿಸತೊಡಗಿದೆ. ಮೂಟೆಗಳ ಸಾಲು ರಸ್ತೆಗೆ ಬಂತು. ಧಣಿಗಳು ಗೊಣಗಿದರು. ನಾನು ಜಗ್ಗಲಿಲ್ಲ.

ಕೊಕ್ಕರ್ಣೆಯಿಂದ ಬಂದಿದ್ದ ಅಕ್ಕಮ್ಮ ಎಂಬಾಕೆಗೆ ತಾಳ್ಮೆ ತಪ್ಪಿತು. “ಹ್ವಾಯ್ ರೈಟ್ರೇ, ನಾ ಭತ್ತ ತಂದದ್ದ್ ಅಕ್ಕಿ ಮಾಡ್ಸುಕೆ. ನೀವ್ ಹೆಣ್ಣ್ ಕಾಂಬುಕ್ ಬಂದವ್ರ್ ಹಾಂಗೆ ಕಾಣ್ತ್ರಿಯಲೆ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿನ ನಡುವೆ ಜಾಲರಿಯ ಮೇಲೆ ಠಣ್ ಎಂದು ಬಿತ್ತು ಅಕ್ಕಮ್ಮನವರ ಮನೆಯ ಎತ್ತಿನ ಲಾಳ. ಅಕ್ಕಮ್ಮ ಅದನ್ನೆತ್ತಿ, ಅಕ್ಕಿ ವಾಪಸು ಹೋಗುವಾಗಲೂ ಬೇಕಲ್ಲ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದುವರೆಗೆ ದೂರ ಕುಳಿತು ನೋಡುತ್ತಿದ್ದ ಶೀನ ಎದ್ದು ಬಂದು ಯಂತ್ರಕ್ಕೆ ಬೆಲ್ಟು ಏರಿಸಿದ.

ಮಿಲ್ಲಿನ ಕಥೆ ಅಲ್ಲಿಗೆ ಸರಿಹೋಯಿತು. ಮನೆಯದು ಸರಿಹೋಗಲಿಲ್ಲ. ಬಡಿಸಿದ ಅನ್ನವನ್ನು ನಾನು ಬೆರಳಲ್ಲಿ ಹರಡಿ ನೋಡುವುದನ್ನು ಕಂಡು ಹೆಂಡತಿ ಕೇಳಿದಳು: “ಗೆರ್ಸಿಯಲ್ ಅಕ್ಕಿ ಗೇರಿ, ಕಲ್ಲ್ ಹೆಕ್ಕಿ, ತೊಳ್ದ್, ಮತ್ತೊಂದ್ಸಲ ಕಂಡಿದೆ. ಇನ್ನೆಂತ ಹುಡ್ಕುದ್?”

ಅಷ್ಟು ಸಲ ನೋಡಿದ್ದೇ ನನಗೆ ಹೆದರಿಕೆ ಎಂದೆ. ಅವಳು ಸೌಟು ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ನನಗೆ ಎರಡನೆಯ ಸಲ ಬಡಿಸುವವರಿಲ್ಲ. ಹುಡುಕಿ ಮುಗಿಯುವಷ್ಟರಲ್ಲಿ ಸಾರು ತಣ್ಣಗಾಗಿರುತ್ತದೆ, ಹಲ್ಲುಗಳು ಮಾತ್ರ ಅಷ್ಟೂ ಇವೆ.