ಅತ್ತೆಗಿಟ್ಟ ಎಡೆ, ಫ್ರಾನ್ಸಿನ ಮಂಡಿ

ಫ್ರಾನ್ಸಿನ ಹುಡುಗಿಯ ಮಂಡಿ ಮತ್ತೆ ಊದಿದ್ದಕ್ಕೆ ಕಾರಣ ಭೂತವಲ್ಲ, ಗ್ರಹಚಾರವಲ್ಲ, ನನ್ನ ಸತ್ತ ಅತ್ತೆಯೂ ಅಲ್ಲ. ನನ್ನ ಕೋಳಿ ಸಾರು. ನರಸಿಂಹರಾಜಪುರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹುಡುಗಿಯ ಹೆಸರು ಕ್ಲೇರ್. ನಮ್ಮ ಬಾಗಿಲಲ್ಲಿ ಬಗ್ಗಿ ಬರಬೇಕು, ಅಷ್ಟು ಉದ್ದ. ಬಾಸ್ಕೆಟ್‌ಬಾಲ್ ಆಡಲೆಂದೇ ಅಮೆರಿಕದ ಕಾಲೇಜು ಅವಳನ್ನು ಕರೆಸಿಕೊಂಡು, ಊಟ ಹಾಕಿ ಓದಿಸುತ್ತಿತ್ತಂತೆ. ಚೆಂಡು ಬಡಿದರೆ ಊಟ ಹಾಕುವ ಶಾಲೆ! ನಾನು ಎರಡನೇ ಕ್ಲಾಸಿನವರೆಗೆ ಹೋದ ಶಾಲೆಯಲ್ಲಿ ಬಡಿಯುತ್ತಿದ್ದುದು ನಮ್ಮನ್ನು.

ಮೊದಲು ಅವಳು ಸೇರಿದ್ದು ಅಲ್ಲಿನ ಯಾವುದೋ ಬಯಲುಸೀಮೆಯ ಸಣ್ಣ ಕಾಲೇಜಿಗೆ. ಭಾಷೆ ಬಾರದು, ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಬಿಡದೆ ಆಡಿ ದೊಡ್ಡ ಕಾಲೇಜಿಗೆ ಹೋದಳು. ಅಲ್ಲಿ ಹಾರಿ ಬಿದ್ದು ಮಂಡಿ ಹೋಯಿತು. ಆಪರೇಷನ್ ಆದರೂ ಕಾಲು ಪೂರ್ತಿ ಮಡಚುತ್ತಿರಲಿಲ್ಲ. ರಜೆ ಮುಗಿಯುವುದರೊಳಗೆ ಓಡಿ ತೋರಿಸದಿದ್ದರೆ ಅವಳ ಜಾಗಕ್ಕೆ ಇನ್ನೊಬ್ಬಳು. ಆಗಿನ್ನೂ ನಮ್ಮಲ್ಲಿ ಮೊಬೈಲ್ ಸಿಗ್ನಲಿಗೆ ಗುಡ್ಡ ಹತ್ತಬೇಕಿತ್ತು. ಅವಳು ಕುಂಟಿಕೊಂಡು ಹತ್ತಿದಾಗಲೆಲ್ಲ ಕೋಚು ಅದನ್ನೇ ಹೇಳುತ್ತಿದ್ದನಂತೆ.

ವರ್ಷವರ್ಷ ಶೃಂಗೇರಿಗೆ ಬರುವ ಅವಳ ಚಿಕ್ಕಮ್ಮ ಅವಳನ್ನು ಕೊಪ್ಪದ ಬಾಳಗಡಿಯ ಮೂಳೆ ವೈದ್ಯರಿಗೆ ತೋರಿಸಿದಳು. ವೈದ್ಯರು ನನ್ನ ಯಜಮಾನರ ನೆಂಟರು. ನಮ್ಮಲ್ಲಿ ಕೋಣೆ ಖಾಲಿ ಇತ್ತು. ಹುಡುಗಿ ಇಲ್ಲೇ ಉಳಿದಳು. ವಾರಕ್ಕೊಮ್ಮೆ ವೈದ್ಯರು ಬಸ್ಸಿನಲ್ಲಿ ಬರುವರು, ಇಂಗ್ಲಿಷ್ ಮಾತಾಡಲೆಂದು ಅವರ ಮಗಳು ಸುಮಾ ಜೊತೆಗೆ.

"ದಿನಾ ಈ ಎಣ್ಣೆ ಹಚ್ಕಂಡು ಸಂಜೆ ಬರಿಗಾಲಲ್ಲಿ ಮೆತ್ತಗಿನ ಕೆಸರಲ್ಲಿ ನಡೀಲಿ. ಕೋಳಿ, ಹುಳಿ, ಬದನೆ ಮುಟ್ಟಂಗಿಲ್ಲ. ಉಪ್ಪಿಲ್ಲದ ಗಂಜಿ ಅಷ್ಟೇ," ಅಂದರು ವೈದ್ಯರು.

"ನಾನಿರುವಾಗ ಪಥ್ಯ ತಪ್ಪತ್ತಾ? ನಿಶ್ಚಿಂತೆಯಾಗಿ ಹೋಗಿ ಮಾರಾಯ್ರೆ!" ಅಂದೆ.

ವೈಶಾಖದಲ್ಲಿ ಭದ್ರಾ ಹಿನ್ನೀರು ಇಳಿದರೆ, ಮುಳುಗಡೆಯಾದ ನಮ್ಮ ಹಳೇ ಮನೆಯ ಕಲ್ಲಂಗಳ ಮೇಲೇಳುತ್ತದೆ. ಸುತ್ತ ಕೆಸರು, ಕರ್ರಗೆ ನಿಂತ ಮರದ ಬೊಡ್ಡೆಗಳು. ಹಕ್ಕಿಯೂ ಕೂರುವುದಿಲ್ಲ. ಒಂದು ಸಂಜೆ ಎಮ್ಮೆ ಹುಡುಕಿಕೊಂಡು ಆ ಕಡೆ ಹೋದೆ. ಗಾಳಿ ನಿಂತುಹೋಗಿತ್ತು. ಅಂಗಳದ ಕಡೆಯಿಂದ ಧಬ್... ಧಬ್... ಧಬ್.

ಒನಕೆ ಸದ್ದು!

ನನ್ನ ಅತ್ತೆ ಆ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದವರು. ಕುಟ್ಟುತ್ತ ಕುಟ್ಟುತ್ತಲೇ ಸತ್ತವರು. ಎಮ್ಮೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬೆಳಕಾದ ಮೇಲೆ ಯಜಮಾನರನ್ನು ಎಳೆದುಕೊಂಡು ಹೋಗಿ ನೋಡಿದರೆ ಕೆಸರಲ್ಲಿ ಹೆಜ್ಜೆಗಳು. ಬಲಗಾಲು ಆಳಕ್ಕೆ ಊರಿದೆ, ಎಡಗಾಲು ಎಳೆದಿದೆ. ಅತ್ತೆಗೂ ಎಡಗಾಲೇ ಕುಂಟು!

"ಇದು ಮೊಳದುದ್ದ ಉಂಟಲ್ಲೇ. ಸತ್ತ ಮೇಲೆ ನಮ್ಮವ್ವನ ಪಾದ ಬೆಳೀತಾ?" ಅಂದರು ಯಜಮಾನರು.

"ಇಷ್ಟು ವರ್ಷ ನೀರಲ್ಲಿ ನೆಂದ್ರೆ ಊದಲ್ವಾ?"

ಅವರು ನನಗಿಂತ ಮುಂದೆ ಮುಂದೆ ಮನೆಗೆ ನಡೆದರು.

ಸತ್ತವರು ಹಸಿದು ಬಂದರೆ ಎಡೆ ಇಡಬೇಕು. ಇಟ್ಟು ತಿರುಗಿ ನೋಡಬಾರದು. ನಮ್ಮ ಕ್ರಮ ಅದು. ಸಂಜೆಗೆ ಬಾಳೆಲೆಯಲ್ಲಿ ಕಡುಬು, ದೊನ್ನೆಯಲ್ಲಿ ಕೋಳಿ ಸಾರು ಒಯ್ದು ಕಲ್ಲಿನ ಮೇಲಿಟ್ಟೆ. "ತಿನ್ನಿ ಅತ್ತೆ. ಆ ಕೂಸಿನ ಮಂಡಿ ವಾಸಿ ಮಾಡಿ," ಅಂದು ಬೆನ್ನು ತಿರುಗಿಸಿದೆ. ದಿಬ್ಬ ಹತ್ತುವುದರೊಳಗೆ ಹಿಂದೆ ಧಬ್ ಧಬ್ ಶುರು.

ಬೆಳಿಗ್ಗೆ ಎಲೆ ಖಾಲಿ. ನಾಯಿ ಮುಟ್ಟಿದ ಹಾಗಲ್ಲ. ಮೂಳೆ ಒಂದು ಬದಿಗೆ ಸೇರಿಸಿ, ಎಲೆ ಮಡಚಿ, ಹಾರದ ಹಾಗೆ ಮೇಲೆ ಕಲ್ಲು ಇಟ್ಟಿತ್ತು. ಬದುಕಿದ್ದಾಗ ಅತ್ತೆಗೆ ಇಷ್ಟು ಶಿಸ್ತು ಇರಲಿಲ್ಲ.

ವಾರ ಕಳೆದು ವೈದ್ಯರು ಮಂಡಿ ಮುಟ್ಟಿ ಹೌಹಾರಿದರು.

"ಊದ್ಕಂಡಿದ್ಯಲ್ಲ! ಎಂತ ಕೊಟ್ರಿ?"

"ಗಂಜಿ."

"ಬರೀ ಗಂಜಿಯಾ?"

"ನಿಮ್ಮ ಎಣ್ಣೆ ಕೆಟ್ಟಿದ್ಯಾ ನೋಡ್ಕಳಿ ಮೊದ್ಲು!"

ಮಂಡಿ ಊದಿದಷ್ಟೂ ನಾನು ಅತ್ತೆಯಲ್ಲಿ ಹೆಚ್ಚು ಬೇಡಿಕೊಂಡೆ. ಹೆಚ್ಚು ಬೇಡಿದ ಮೇಲೆ ಹೆಚ್ಚು ಬಡಿಸಬೇಕಲ್ಲ! ಹುಂಜ ಹೋಯಿತು, ಮೊಟ್ಟೆಯಿಡುವ ಹ್ಯಾಟೆಗಳೂ ಹೋದವು. ಬದನೆ ಎಣ್ಣೆಗಾಯಿ ಹೋಯಿತು, ಹುಳಿಮಾವಿನ ಗೊಜ್ಜು ಹೋಯಿತು. ವೈದ್ಯರು ಬೇಡವೆಂದ ಒಂದೊಂದೂ ಆ ಕಲ್ಲಂಗಳ ಸೇರಿತು.

ಮುಂದಿನ ಸಲ ಬಂದ ವೈದ್ಯರು ಕೈಚೆಲ್ಲಿದರು. "ನನ್ನಿಂದಾಗ್ಲಿಲ್ಲ. ಕಳಿಸ್ಬಿಡಿ." ಸುಮಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕ್ಲೇರ್ ಎದ್ದು ಕುಂಟುತ್ತ ಹೊರಗೆ ಹೋದಳು. ಅಷ್ಟುದ್ದದ ಹುಡುಗಿ ಅಷ್ಟು ಸಣ್ಣಗಾದದ್ದನ್ನು ನನಗೆ ನೋಡಲಾಗಲಿಲ್ಲ. ಎಡೆ ಹೇಗೂ ಇಟ್ಟು ಬಂದಿದ್ದೆ. ಅತ್ತೆಯನ್ನೇ ಮುಖಾಮುಖಿ ಕೇಳುವುದೆಂದು ಮತ್ತೆ ಹೊರಟೆ.

ಮಬ್ಬುಗತ್ತಲು. ಧಬ್ ಧಬ್ ಹತ್ತಿರವಾಯಿತು. ಬೊಡ್ಡೆಗಳ ನಡುವೆ ಒಂದು ಆಕಾರ, ಬೊಡ್ಡೆಗಳಷ್ಟೇ ಎತ್ತರ. ಕೂದಲು ಬಿಚ್ಚಿದೆ. ಎಣ್ಣೆ ಮೆತ್ತಿದ ಕಾಲು ಮಿಣಮಿಣ ಹೊಳೆಯುತ್ತಿದೆ. ಎರಡೂ ಕೈ ಮೇಲೆತ್ತಿ ಏನನ್ನೋ ಆಕಾಶಕ್ಕೆ ಎಸೆಯಿತು. ಅದು ಬೊಡ್ಡೆಗೆ ಕಟ್ಟಿದ ತಳವಿಲ್ಲದ ಕುಕ್ಕೆಯೊಳಗಿಂದ ಬಿದ್ದು ಉರುಳುತ್ತ ನನ್ನ ಕಾಲ ಹತ್ತಿರವೇ ಬಂತು. ಆಕಾರ ತಿರುಗಿತು.

ಬಾಯಲ್ಲಿ ನನ್ನ ಕೋಳಿಯ ಕಾಲು!

ಹಿಂದಕ್ಕೆ ಹಾರಿ ಕೆಸರಲ್ಲಿ ಸೊಂಟದವರೆಗೆ ಹೂತುಹೋದೆ. ಕ್ಲೇರಳೇ ತನ್ನ ಚೆಂಡು ಬದಿಗೆ ಒದ್ದು, ನನ್ನನ್ನು ಎಳೆದು ತೆಗೆಯಬೇಕಾಯಿತು.

ಮನೆಯಲ್ಲಿ ಸುಮಾ ಅವಳಿಂದ ಎಲ್ಲವನ್ನೂ ಕೇಳಿ ನಮಗೆ ಹೇಳಿದಳು. "ಮೊದಲ್ನೇ ಕಾಲೇಜಲ್ಲಿ ಪ್ರಾಕ್ಟೀಸ್ ಮುಗಿಯೋ ಹೊತ್ತಿಗೆ ಊಟದ ಮನೆ ಮುಚ್ತಿತ್ತಂತೆ ಅಜ್ಜಿ. ಅಡುಗೆಯ ಮುದುಕಿ ಒಬ್ಳು ಹಿಂಬಾಗ್ಲಲ್ಲಿ ತಟ್ಟೆ ಇಟ್ಟು, ಮಾತಾಡ್ದೆ ಹೋಗ್ತಿದ್ಳಂತೆ. ನೀವೂ ಹಂಗೇ ಅಂದ್ಕಂಡಿದಾಳೆ. ಗಂಜಿ ಅಪ್ಪನಿಗೆ ತೋರ್ಸಕ್ಕೆ, ಕೋಳಿ ತನಗೆ ಅಂತ."

ವೈದ್ಯರು ನನ್ನನ್ನೇ ನೋಡಿದರು. ನಾನು ಮಾಡಿನ ಹಂಚು ನೋಡಿದೆ.

"ಇನ್ನೊಂದು ಕೇಳ್ತಾಳೆ. ನೀವು ದಿನಾ ಬೊಡ್ಡೆ ಹತ್ರ ಒಂದು ಕಾಲು ನೀಡ್ಕಂಡು ಕೂತು ಆಟ ನೋಡ್ತಿದ್ರಂತಲ್ಲ, ಒಂದಿನಾನೂ ಹತ್ರ ಬರ್ಲಿಲ್ಲ ಯಾಕೆ ಅಂತ."

ನಾನು ಅಲ್ಲಿ ಒಂದು ದಿನವೂ ಕೂತವಳಲ್ಲ. ಯಜಮಾನರು ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಜಡಿದರು.

ವೈದ್ಯರು ಗಂಟಲು ಸರಿಮಾಡಿಕೊಂಡರು. "ಕೆಟ್ಟಿದ್ದು ಪಥ್ಯ, ಮಂಡಿಯಲ್ಲ. ಮೊದಲಿಂದ ಶುರು ಮಾಡಿದ್ರೆ ರಜೆ ಮುಗಿಯೋದ್ರೊಳಗೆ ಆಗ್ಬಹುದು. ಆದ್ರೆ ಪಥ್ಯ ಕಾಯೋರು ಯಾರು?"

"ನಾನು," ಅಂದೆ. ಯಜಮಾನರು ನಕ್ಕುಬಿಟ್ಟರು.

ಮರುದಿನ ಬೆಳಿಗ್ಗೆ ಉಪ್ಪಿಲ್ಲದ ಗಂಜಿ ಎರಡು ತಟ್ಟೆಗೆ ಹಾಕಿದೆ, ಅವಳಿಗೊಂದು, ನನಗೊಂದು. ಅವಳು ಸದ್ದಿಲ್ಲದೆ ಕುಡಿದು ಮುಗಿಸಿದಳು. ನಾನು ಎರಡು ಗುಟುಕಿಗೇ ಎದ್ದು ಉಪ್ಪಿನ ಭರಣಿಗೆ ಕೈಹಾಕಿದೆ. ಅವಳು ಕೂತಲ್ಲಿಂದಲೇ ಆ ಉದ್ದನೆಯ ಕೈ ಚಾಚಿ, ನನ್ನ ರಟ್ಟೆ ಹಿಡಿದು ಕೂರಿಸಿದಳು. ಕೂತೆ!