ದೊಡ್ಡವರ ಟೀಮಿಗೆ ಶಾಹಿನಾ

ಎಲ್ಲದಕ್ಕೂ ಕಾರಣ ಒಂದು ಕ್ಯಾಚು.

ಕೊಲ್ಲಿ ನಾಡಿನ ಮೆಸಯೀದಿನಲ್ಲಿ ನಮ್ಮ ಕಂಪನಿ ಕ್ವಾರ್ಟರ್ಸಿನ ಹಿಂದೆ ಅಮೆರಿಕನ್ ಎಂಜಿನಿಯರುಗಳು ತಮ್ಮ ಮಕ್ಕಳಿಗೆಂದು ಬೇಸ್‌ಬಾಲ್ ಮೈದಾನ ಮಾಡಿಸಿದ್ದರು. ನಮ್ಮವರ ಮಕ್ಕಳೂ ಅಲ್ಲಿಗೇ ಹೋಗುತ್ತಿದ್ದವು. ಬುಧವಾರ ಸಂಜೆ ದೊಡ್ಡ ಹುಡುಗನೊಬ್ಬ ಬೀಸಿ ಹೊಡೆದ ಚೆಂಡು ಚಿಕ್ಕವರು ಆಡುತ್ತಿದ್ದ ಕಡೆಗೆ ಹಾರಿ ಬಂತು. ಶಾಹಿನಾ ಓಡಿದಳು, ನೆಗೆದಳು, ಒಂದೇ ಕೈಯಲ್ಲಿ ಹಿಡಿದು ವಾಪಸ್ ಎಸೆದಳು. ಅದು ನೆಟ್ಟಗೆ ಕೋಚ್ ಡಗ್ಲಸ್‌ನ ಕೈ ಸೇರಿತು. ಅವನ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ಕೆಳಗೆ ಬಿತ್ತೆಂದು ನೋಡಿದವರು ಹೇಳುತ್ತಾರೆ.

ಗುರುವಾರ ಬೆಳಗ್ಗೆ ಡಗ್ಲಸ್ ಕಂಪನಿಯ ಸ್ಟೋರಿಗೇ ಬಂದ. ಶಾಹಿನಾಳ ಅಪ್ಪ ಸಲಾಂ ಅಲ್ಲಿ ಸ್ಟೋರ್‌ಕೀಪರ್. ಹತ್ತು ತುಂಬದವರು ಮೆತ್ತಗಿನ ಚೆಂಡನ್ನು ಗೂಟದ ಮೇಲಿಟ್ಟು ಹೊಡೆಯುತ್ತಾರೆ, ಹತ್ತು ತುಂಬಿದವರಿಗೆ ಗಟ್ಟಿ ಚೆಂಡು, ಎಸೆತವೂ ಜೋರು, ಎಂದು ಡಗ್ಲಸ್ ವಿವರಿಸಿದ. ಎಂಟು ವರ್ಷದ ಇಂಥ ಮಗುವನ್ನು ತಾನು ಎಲ್ಲೂ ಕಂಡಿಲ್ಲವಂತೆ. ಅಪ್ಪ ಒಂದು ಸಹಿ ಹಾಕಿದರೆ ದೊಡ್ಡವರ ಜೊತೆ ಆಡಿಸುತ್ತಾನಂತೆ. ಅವಳಿಗೆ ಮಾತ್ರ ಮೆಲ್ಲಗೆ ಎಸೆಯಿಸುತ್ತಾನಂತೆ, ಪಕ್ಕದಲ್ಲಿ ತಾನೇ ನಿಂತಿರುತ್ತಾನಂತೆ.

ಸಲಾಂ ಆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದ. ಹೊಳೆಯ ಕಲ್ಲಿನ ಹಾಗಿತ್ತು. ಮಗಳ ಮುಂದಿನ ಎರಡು ಹಲ್ಲು ಮೊನ್ನೆ ಮೊನ್ನೆ ಹುಟ್ಟಿದ್ದು ನೆನಪಾಯಿತು. ಸಹಿ ಹಾಕಲಿಲ್ಲ.

ಶುಕ್ರವಾರ ರಜೆಯಾದ್ದರಿಂದ ಗುರುವಾರ ಅರ್ಧ ದಿನದ ಕೆಲಸ. ಊಟಕ್ಕೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಇಡೀ ಕ್ವಾರ್ಟರ್ಸಿಗೆ ಹಬ್ಬಿತ್ತು. ಪಕ್ಕದ ಮನೆಯ ಪ್ರೇಮಾವತಿ ಬಾಗಿಲಲ್ಲೇ ನಿಂತು ಶಾಹಿನಾಳ ಕಡೆಗೆ ಒಂದು ಲಿಂಬೆಹಣ್ಣು ಎಸೆದಳು. ಹೋಮ್‌ವರ್ಕ್ ಬರೆಯುತ್ತಿದ್ದ ಹುಡುಗಿ ತಲೆ ಎತ್ತದೆ ಹಿಡಿದಳು. ಕಂಪನಿಯ ಪರ್ಸನೆಲ್ ಆಫೀಸಿನ ಗುಮಾಸ್ತ ಸೈಮನ್ ಬಂದವನು ಕೀಗೊಂಚಲು ಎಸೆದ. ಅದನ್ನೂ ಹಿಡಿದಳು. ಸಲಾಮನಿಗೂ ತಡೆಯಲಾಗದ ಕುತೂಹಲ. ಅಡುಗೆಮನೆಯಿಂದ ಒಂದು ನೀರುಳ್ಳಿ ಎಸೆದು ನೋಡಿದ. ಹೆಂಡತಿ ಖೈರುನ್ನಿಸಾ ಬೈದಳೇ ಹೊರತು ನೀರುಳ್ಳಿ ನೆಲಕ್ಕೆ ಬೀಳಲಿಲ್ಲ.

"ಇಷ್ಟು ಚಂದ ಆಡುವ ಮಗುವನ್ನು ಸಣ್ಣ ಮಕ್ಕಳ ಜೊತೆ ಬಿಟ್ರೆ ಅದರ ಆಟ ಹಾಳಾಗ್ತದೆ ಸಲಾಮಣ್ಣ" ಎಂದಳು ಪ್ರೇಮಾವತಿ. ದೊಡ್ಡವರ ಚೆಂಡು ತಾಗಿದರೆ ಮಗುವೇ ಹಾಳಾಗುತ್ತದೆ ಎಂದು ಸೈಮನ್ ವಾದಕ್ಕಿಳಿದ. ಖೈರುನ್ನಿಸಾ ಮಾತ್ರ ಗಂಡನಿಗೆ, ಬೇಡವಾದರೆ ಬೇಡ ಎಂದು ಕೋಚ್‌ನ ಮುಖ ನೋಡಿ ಹೇಳಿ ಬನ್ನಿ ಎಂದಳು. ಕೊನೆಗೆ ಸಲಾಂ ಮಗಳನ್ನೇ ಕೇಳಿದ.

"ನಂಗೆ ಆ ಬಾಲ್ ನೋಡಿದ್ರೆ ಹೆದರಿಕೆ ಆಗ್ತದೆ ಉಪ್ಪಾ. ಆದ್ರೆ ಹಿಡೀಬೇಕು ಅಂತಾನೂ ಆಗ್ತದೆ" ಎಂದಳು ಶಾಹಿನಾ. ಇದರಿಂದ ಏನೂ ತೀರ್ಮಾನವಾಗಲಿಲ್ಲ.

ನಾಲ್ಕು ಗಂಟೆಗೆ ಮೈದಾನದಲ್ಲಿ ಜಾತ್ರೆಯಷ್ಟು ಜನ. ಡಗ್ಲಸ್ ಮತ್ತೆ ಸಹಿಯ ಕಾಗದ ಹಿಡಿದು ಬಂದ. ಅಪ್ಪನಿಗೆ ಹೆದರಿಕೆಯಂತೆ ಎಂದು ಪ್ರೇಮಾವತಿ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಸಲಾಮನಿಗೆ ರೇಗಿತು.

"ಅವಳಿಗೆ ಎಂಟೇ ವರ್ಷ. ದೊಡ್ಡವರ ಜೊತೆ ಆಡಿಸೋದಿಲ್ಲ, ಖಲಾಸ್. ಬೇಕಾದ್ರೆ ಪಾಸ್‌ಪೋರ್ಟ್ ನೋಡಿ" ಎಂದ.

ಪಾಸ್‌ಪೋರ್ಟನ್ನು ಯಾರೂ ಕೇಳಿರಲಿಲ್ಲ. ಆದರೆ ಎಲ್ಲರ ಪಾಸ್‌ಪೋರ್ಟೂ ಕಂಪನಿಯ ವಶದಲ್ಲಿ, ಸೈಮನ್‌ನ ಲಾಕರಿನಲ್ಲಿ. ಸಹಾಯ ಮಾಡುವ ಅವಕಾಶವನ್ನು ಸೈಮನ್ ಬಿಡುವವನಲ್ಲ. ಹತ್ತು ನಿಮಿಷದಲ್ಲಿ ತಂದು ಡಗ್ಲಸ್‌ನ ಕೈಗಿಟ್ಟ.

ಡಗ್ಲಸ್ ಪುಟ ತಿರುಗಿಸಿದ. ಬೆರಳು ಮಡಚಿ ಎಣಿಸಿದ. ಶಾಹಿನಾಳನ್ನು ಮೇಲಿಂದ ಕೆಳಗೆ ನೋಡಿದ. ಈ ಹುಡುಗಿಗೆ ಹತ್ತು ವರ್ಷ ಮೂರು ತಿಂಗಳು ಎಂದ.

ಸಲಾಮನಿಗೆ ಆಗ ನೆನಪಾಯಿತು. ಊರಿನಲ್ಲಿ ಮಗಳು ತನಗಿಂತ ದೊಡ್ಡವಳಾದ ಮಾವನ ಮಗಳ ಜೊತೆ ತಾನೂ ಶಾಲೆಗೆ ಹೋಗಬೇಕೆಂದು ಅತ್ತಾಗ, ಹೆಂಡತಿಯ ಅಣ್ಣ ಇರ್ಷಾದ್ ಎರಡು ವರ್ಷ ಹೆಚ್ಚು ಬರೆಸಿ ಜನನದ ದಾಖಲೆ ಮಾಡಿಸಿದ್ದ. ಶಾಲೆ ಶುರುವಾಗುವ ಮೊದಲೇ ವೀಸಾ ಬಂತು, ಅದೇ ದಾಖಲೆಯಲ್ಲಿ ಪಾಸ್‌ಪೋರ್ಟೂ ಆಯಿತು. ಇಲ್ಲಿನ ಶಾಲೆಯವರು ಇಂಗ್ಲಿಷ್ ಸಾಲದೆಂದು ಎರಡು ಕ್ಲಾಸು ಕೆಳಗೆ ಕೂರಿಸಿದ್ದರಿಂದ ಲೆಕ್ಕ ಸರಿಹೋಗಿ, ಎಲ್ಲರೂ ಮರೆತಿದ್ದರು.

ನಿಜ ಹೇಳಲು ಸಲಾಂ ಬಾಯಿ ತೆರೆದ. ವೀಸಾದ ಕಾಗದಗಳನ್ನು ಸರ್ಕಾರಿ ಆಫೀಸಿಗೆ ಒಯ್ಯುವ ಸೈಮನ್ ಪಕ್ಕದಲ್ಲೇ ಕಿವಿ ನಿಗುರಿಸಿ ನಿಂತಿದ್ದ. ದಾಖಲೆ ಸುಳ್ಳೆಂದರೆ ಇಡೀ ಸಂಸಾರವೇ ಗಂಟುಮೂಟೆ ಕಟ್ಟಬೇಕಾದೀತು. ಸಲಾಂ ಬಾಯಿ ಮುಚ್ಚಿದ.

ಸಹಿ ಇನ್ನು ಬೇಕಿಲ್ಲ ಎಂದ ಡಗ್ಲಸ್. ಹತ್ತು ತುಂಬಿದವಳ ಜಾಗ ದೊಡ್ಡವರ ಟೀಮೇ. ಮೆಲ್ಲಗೆ ಎಸೆಯುವುದು, ಪಕ್ಕದಲ್ಲಿ ನಿಲ್ಲುವುದು ಎಲ್ಲ ಎಂಟು ವರ್ಷದ ಮಗುವಿಗೆಂದು ಹೇಳಿದ್ದು, ಇವಳಿಗೆ ಅದೂ ಬೇಕಿಲ್ಲ. ಹಾಗೆ ನೋಡಿದರೆ, ಹತ್ತು ವರ್ಷಕ್ಕೆ ಇವಳ ಆಟ ಸಾಧಾರಣ ಎಂದು ಪಾಸ್‌ಪೋರ್ಟ್ ಮಡಚಿ ಕೊಟ್ಟ.

ಬೆಳಗ್ಗಿನಿಂದ ಮಗಳ ಹಲ್ಲಿನ ಚಿಂತೆಯಲ್ಲಿದ್ದ ಸಲಾಮನಿಗೆ ಆ ಒಂದು ಮಾತು ತಡೆಯಲಾಗಲಿಲ್ಲ. ನನ್ನ ಮಗಳು ಸಾಧಾರಣವೇ! ಅವಳಿಗೆ ಎಂಟೇ ಎಂದು ಕೂಗಿ ಹೇಳಬೇಕೆನಿಸಿತು. ಸೈಮನ್ ಇನ್ನೂ ಅಲ್ಲೇ ಇದ್ದ.

ಕಣ್ಣು ಮುಚ್ಚುವಷ್ಟು ದೊಡ್ಡ ಹೆಲ್ಮೆಟ್ ಹಾಕಿಕೊಂಡು ಶಾಹಿನಾ ಬಂದಳು.

"ಉಪ್ಪಾ, ನಂಗೆ ನಿಜವಾಗಿ ಎಷ್ಟು ವರ್ಷ?"

"ಹತ್ತು" ಎಂದ ಸಲಾಂ.

"ಮತ್ತೆ ನಾನ್ಯಾಕೆ ಇಷ್ಟು ಗಿಡ್ಡ?"

"ನೀನು ಸರಿಯಾಗಿ ಊಟ ಮಾಡೋದಿಲ್ಲ" ಎಂದು ಹೇಳಿ ಸಲಾಂ ಅವಳ ಹೆಲ್ಮೆಟಿನ ಪಟ್ಟಿ ಬಿಗಿ ಮಾಡಿದ. ಅತ್ತ ಹನ್ನೆರಡು ವರ್ಷದ ಹುಡುಗ ಗಟ್ಟಿ ಚೆಂಡನ್ನು ಅಂಗೈಯಲ್ಲಿ ಉಜ್ಜುತ್ತ ಕಾಯುತ್ತಿದ್ದ.