ಕೆರೆದಂಡೆಯ ಹದಿನಾಲ್ಕನೇ ನಂಬರು

ವರ್ನಾನ್ ಟೋರ್ಗರ್ಸನ್‌ಗೆ ಈ ಸಲವಾದರೂ ಕ್ಯಾಂಪ್ ಹಾಕಲು ಕೆರೆದಂಡೆಯ ಜಾಗವೇ ಬೇಕಿತ್ತು. ಮಿನೆಸೋಟಾದ ನಮ್ಮ ಸ್ಟೇಟ್ ಪಾರ್ಕಿನಲ್ಲಿ ಅಂಥವು ಇರುವುದೇ ಆರು. ನಾಲ್ಕು ತಿಂಗಳ ಹಿಂದೆ, ಬುಕಿಂಗ್ ಶುರುವಾದ ಕ್ಷಣದಲ್ಲೇ ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕನೇ ನಂಬರು ಗಿಟ್ಟಿಸಿದ್ದ. ಮದುವೆಯಾಗಿ ಮೂವತ್ತು ವರ್ಷ. ಹೆಂಡತಿ ಮಾರ್ಲಿಸ್ ಜತೆ ಒಂದು ಸಂಜೆ, ಅವರಿಬ್ಬರೇ, ನೀರು ನೋಡುತ್ತಾ ಕೂರಬೇಕು. ಅಷ್ಟೇ ಆಸೆ.

ತೊಡಕು ಒಂದೇ. ಬಾವಮೈದುನನಿಂದ ಕೇಳಿ ತಂದ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಟ್ರೇಲರನ್ನು ಎರಡು ಪೈನ್ ಮರಗಳ ನಡುವೆ ರಿವರ್ಸ್‌ನಲ್ಲಿ ತೂರಿಸಬೇಕು. ಪುಣ್ಯಾತ್ಮ ಜನ್ಮದಲ್ಲಿ ಆ ಕೆಲಸ ಮಾಡಿದವನಲ್ಲ.

ಕ್ಯಾಂಪಿಗೆ ಬಂದವರಿಗೆ ಇದಕ್ಕಿಂತ ದೊಡ್ಡ ಮನರಂಜನೆ ಇಲ್ಲ. ಸುಳ್ಳೇಕೆ, ನಾನೂ ಕುರ್ಚಿ ತಗೊಂಡು ಓಡಿದವನೇ. ವರ್ನಾನ್ ರಿವರ್ಸ್ ಗೇರ್ ಹಾಕಿದ್ದೇ ತಡ, ಮಡಿಸುವ ಕುರ್ಚಿ, ಕಾಫಿ ಲೋಟ ಸಮೇತ ಹದಿನೈದು ಜನ ಹಾಜರ್. ರಿಟೈರಾದ ಮೇಷ್ಟ್ರು ಆರ್ವಿಡ್ ಎಡಕ್ಕೆ ತಿರುಗಿಸು ಅಂದ, ಅವನ ಹೆಂಡತಿ ಬಲಕ್ಕೆ ಅಂದಳು. ನಮ್ಮ ಕಡೆ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವ ಅಭ್ಯಾಸವಿಲ್ಲ. ವರ್ನಾನ್ ಇಬ್ಬರ ಮಾತೂ ಕೇಳಿ ಊಟದ ಮೇಜಿಗೆ ಗುದ್ದಿದ. ಮೂರನೇ ಸಲಕ್ಕೆ ನಲ್ಲಿ ಬಾಗಿತು, ಐದನೇ ಸಲಕ್ಕೆ ಆರ್ವಿಡನ ಡೇರೆ ಮಲಗಿತು. ಎಂಟನೇ ಸಲ ಟ್ರೇಲರ್ ಅದು ಹೇಗೋ ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಆದರೆ ಒಬ್ಬರೂ ಏಳಲಿಲ್ಲ. ಕುರ್ಚಿಗಳನ್ನು ಕೆರೆಯ ಕಡೆ ತಿರುಗಿಸಿಕೊಂಡು ಹಾಯಾಗಿ ಕೂತರು. ಯಾರೋ ಆಲೂಗಡ್ಡೆ ಸಲಾಡಿನ ಪಾತ್ರೆಯನ್ನೂ ತಂದರು. ವರ್ನಾನ್ ಕೆಮ್ಮಿದ, ಆಕಳಿಸಿದ, ಸುಸ್ತಾಗಿದೆ ಅಂತ ಎರಡು ಸಲ ಹೇಳಿದ.

"ನೀನು ಮಲಗಪ್ಪಾ, ನಾವೇನೂ ಗಲಾಟೆ ಮಾಡಲ್ಲ," ಅಂದ ಆರ್ವಿಡ್.

ಹೊತ್ತು ಮುಳುಗುತ್ತಿತ್ತು. ಮಾರ್ಲಿಸ್ ಎಲ್ಲರ ನಡುವೆ ನಗುತ್ತಾ ಕೂತಿದ್ದಳು. ಪಾಪ, ಒಳಗೊಳಗೇ ಎಷ್ಟು ಬೇಯುತ್ತಿದ್ದಾಳೋ ಅಂದುಕೊಂಡ ವರ್ನಾನ್. ಮೂವತ್ತು ವರ್ಷದಲ್ಲಿ ಆಡದ ಸುಳ್ಳನ್ನು ಆಗ ಆಡಿದ.

"ಗೇಟಿನ ಹತ್ರ ನಲವತ್ತಡಿ ಟ್ರೇಲರ್ ಬಂದಿದೆಯಂತೆ. ರಿವರ್ಸ್ ಹಾಕಕ್ಕೆ ಬರದೆ ಗಂಡ ಹೆಂಡ್ತಿ ಕಿತ್ತಾಡ್ತಾ ಇದಾರಂತೆ."

ಅರ್ಧ ನಿಮಿಷದಲ್ಲಿ ದಂಡೆ ಖಾಲಿ. ಸಲಾಡೂ ಹೋಯಿತು. ಕೆರೆ ಕೆಂಪಗೆ, ತಣ್ಣಗೆ ಮಲಗಿತ್ತು. ವರ್ನಾನನ ಎದೆ ತುಂಬಿ ಬಂತು. ನೀರಿನ ಮೇಲಿಂದ ಕಣ್ಣು ತೆಗೆಯದೆ, ಹೆಂಡತಿಯ ಕೈ ಹಿಡಿಯೋಣ ಅಂತ ಪಕ್ಕಕ್ಕೆ ಕೈ ಚಾಚಿದ. ಹೆಂಡತಿಯೂ ಇಲ್ಲ, ಅವಳ ಕುರ್ಚಿಯೂ ಇಲ್ಲ.

"ಬೇಗ ಬರ್ರೀ," ಅಂತ ರಸ್ತೆಯ ತಿರುವಿನಿಂದ ಮಾರ್ಲಿಸ್ ಕೂಗಿದಳು. "ಮುಂದಿನ ಸಾಲಲ್ಲೇ ಜಾಗ ಹಿಡಿದಿರ್ತೀನಿ."

ಬೇಡ ಅನ್ನಲು ಅವನಿಗೆ ಆಗಲೂ ಬಾಯಿ ಬರಲಿಲ್ಲ. ಕುರ್ಚಿ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಬಾರದ ಟ್ರೇಲರಿಗೆ ಕಾಯಲು ಗೇಟಿನ ಕಡೆ ನಡೆದ.